ಬಣ್ಣಗುರುಡಿದ್ದೂ ಡ್ರೈವಿಂಗ್ ಲೈಸೆನ್ಸ್ ಪಡೆದ ಬಗೆ

ನಲವತ್ತಮೂರನೆಯ ವಯಸ್ಸಿನಲ್ಲಿ ನನಗೆ ಮೊದಲ ಸಲ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದೆ. ಕಾರ್ಡು ಅಂಚೆಯಲ್ಲಿ ಬಂದು ಇನ್ನೂ ವಾರವಾಗಿಲ್ಲ. ಕೆಂಪು-ಹಸಿರು ಬಣ್ಣಗುರುಡು ಇದ್ದವರಿಗೆ ಲೈಸೆನ್ಸ್ ಕೊಡುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಏಜೆಂಟರಿದ್ದರು, ಡ್ರೈವಿಂಗ್ ಶಾಲೆಯವರಿದ್ದರು, ವೈದ್ಯರೂ ಇದ್ದರು. 2020ರ ಜೂನ್‌ವರೆಗೆ ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಈಗ ನಿಜವಲ್ಲ. ಈ ಬದಲಾವಣೆ ಕೌಂಟರಿನ ಆಚೆ ಕುಳಿತವರಿಗೆ ಎಷ್ಟೋ ಕಡೆ ಇನ್ನೂ ಮುಟ್ಟಿಲ್ಲವಾದ್ದರಿಂದ, ನನ್ನಂತೆ ಅಲೆಯಬೇಕಾಗಿ ಬರುವವರಿಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನನ್ನ ಕಣ್ಣಿನ ಸಂಗತಿ ನನಗೆ ತಿಳಿದದ್ದು ಪದವಿ ಮುಗಿಸಿದ ಮೇಲೆ, ರೈಲ್ವೆಯಲ್ಲಿ ಸಹಾಯಕ ಲೋಕೊ ಪೈಲಟ್ ಹುದ್ದೆಯ ವೈದ್ಯಕೀಯ ಪರೀಕ್ಷೆಯಲ್ಲಿ. ಲಿಖಿತ ಪರೀಕ್ಷೆ ಪಾಸಾಗಿತ್ತು. ಮನೆಯಲ್ಲಿ ಆಗಲೇ ಕೆಲಸ ಸಿಕ್ಕಷ್ಟೇ ಸಂಭ್ರಮವಿತ್ತು. ಅಲ್ಲಿ ನನ್ನ ಮುಂದೆ ಇಶಿಹಾರ ಪುಸ್ತಕವನ್ನು ತೆರೆದಿಟ್ಟರು. ಬಣ್ಣಬಣ್ಣದ ಚುಕ್ಕಿಗಳ ನಡುವೆ ಒಂದು ಅಂಕಿ ಅಡಗಿರುತ್ತದೆ, ಅದನ್ನು ಓದಿ ಹೇಳಬೇಕು. ಮೊದಲ ಪುಟದ 12 ಎಲ್ಲರಿಗೂ ಕಾಣುವಂಥದ್ದು, ಓದಿದೆ. ಎರಡನೆಯ ಪುಟದಲ್ಲಿ ಬೇರೆಯವರಿಗೆ 8 ಕಾಣುತ್ತದೆ, ನನಗೆ 3 ಕಂಡಿತು. ಮುಂದಿನ ಕೆಲವು ಪುಟಗಳಲ್ಲಿ ಅಂಕಿಯೇ ಇರಲಿಲ್ಲ, ಬರಿಯ ಚುಕ್ಕಿಗಳು. ಪರೀಕ್ಷಿಸುತ್ತಿದ್ದವರು ಪುಸ್ತಕ ಮುಚ್ಚಿ ಮುಂದಿನವರನ್ನು ಕರೆದರು. ರೈಲು ಓಡಿಸುವವರಿಗೆ ಎ1 ದರ್ಜೆಯ ಕಣ್ಣು ಬೇಕು, ಅದರಲ್ಲಿ ಬಣ್ಣ ಗುರುತಿಸುವಿಕೆ ಕಡ್ಡಾಯ. ಆ ನಿಯಮದ ಬಗ್ಗೆ ನನಗೆ ಆಗಲೂ ತಕರಾರಿರಲಿಲ್ಲ, ಈಗಲೂ ಇಲ್ಲ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ರೈಲುಗಳು ಡಿಕ್ಕಿಯಾದ ಮೇಲೆ ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞರು ಬಣ್ಣದ ಉಣ್ಣೆಯ ಎಳೆಗಳನ್ನಿಟ್ಟು ರೈಲ್ವೆ ನೌಕರರ ಕಣ್ಣು ಪರೀಕ್ಷಿಸತೊಡಗಿದರು. ಕತ್ತಲಲ್ಲಿ ದೂರದ ಒಂದೇ ದೀಪವನ್ನು ನೋಡಿ ನೂರಾರು ಜನರ ಪ್ರಾಣದ ನಿರ್ಧಾರ ಮಾಡುವ ಕೆಲಸ ಅದು. ನನ್ನನ್ನು ನೋಯಿಸಿದ್ದು ನಿಯಮವಲ್ಲ. ನನಗೆ ಏನಿದೆ, ಎಷ್ಟಿದೆ ಎಂದು ಅಂದು ಯಾರೂ ಒಂದು ಮಾತೂ ಹೇಳಲಿಲ್ಲ, ಅದು ನೋಯಿಸಿತು.

ಆಮೇಲೆ ಬಿ.ಇಡಿ. ಮಾಡಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾದೆ. ಲೈಸೆನ್ಸ್ ಆಸೆಯನ್ನು ಬದಿಗಿಟ್ಟೆ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಸ್ವಯಂ ಘೋಷಣೆ ಫಾರಂ 1. ಆ ಕಾಲದ ಫಾರಂ 1ರಲ್ಲಿ, ಕೆಂಪು ಮತ್ತು ಹಸಿರು ಬಣ್ಣಗಳನ್ನು ಸುಲಭವಾಗಿ ಗುರುತಿಸಬಲ್ಲಿರಾ ಎಂದು ನೇರವಾಗಿ ಕೇಳಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ‘ಹೌದು ಅಂತ ಬರೆಯಿರಿ ಸಾರ್, ಯಾರು ನೋಡುತ್ತಾರೆ’ ಎಂದವರು ಬೇಕಾದಷ್ಟು ಮಂದಿ. ತರಗತಿಯಲ್ಲಿ ನಕಲು ಮಾಡಬೇಡಿ ಎಂದು ಹೇಳುವವನು ಆ ಸಹಿ ಹಾಕುವುದು ನನ್ನಿಂದಾಗಲಿಲ್ಲ. ಬಸ್ಸಿನಲ್ಲೇ ಓಡಾಡಿದೆ. ಮನೆಯ ಸ್ಕೂಟರ್ ಹೆಂಡತಿಯ ಕೈಯಲ್ಲಿತ್ತು.

ಮುಂದೆ ಹೋಗುವ ಮೊದಲು, ಈ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಹೇಳಬೇಕು. ಲೋಕ ಕಪ್ಪು-ಬಿಳುಪಾಗಿಲ್ಲ. ಆಕಾಶದ ನೀಲಿ, ಮಾರಿಗೋಲ್ಡಿನ ಹಳದಿ ನಿಮ್ಮಷ್ಟೇ ನನಗೂ ಕಾಣುತ್ತವೆ. ತೊಡಕಾಗುವುದು ಹಸಿರು ಮತ್ತು ಕಂದು, ತಿಳಿಗೆಂಪು ಮತ್ತು ಬೂದು, ನೀಲಿ ಮತ್ತು ನೇರಳೆ ಜೊತೆಗೂಡಿದಾಗ. ರೆಟಿನಾದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವು. ನನ್ನಲ್ಲಿ ಹಸಿರಿನ ಕಡೆಗೆ ಸ್ಪಂದಿಸಬೇಕಾದ ಶಂಕುಗಳು ಕೆಂಪಿನ ಶಂಕುಗಳಿಗೆ ತೀರಾ ಹತ್ತಿರದ ಬೆಳಕಿಗೇ ಸ್ಪಂದಿಸುತ್ತವೆ. ಹಾಗಾಗಿ ಎರಡರ ನಡುವಿನ ಅಂತರ ಕಿರಿದಾಗಿದೆ. ಇದಕ್ಕೆ ಡ್ಯೂಟರನಾಮಲಿ ಎನ್ನುತ್ತಾರೆ, ಅತಿ ಹೆಚ್ಚು ಕಂಡುಬರುವ ಬಗೆ ಇದೇ. ಕೆಂಪಿನ ಶಂಕುವಿನಲ್ಲೇ ಕೊರತೆ ಇರುವವರದು ಬೇರೆ ಕಷ್ಟ. ಅವರಿಗೆ ಕೆಂಪು ದೀಪವೇ ಮಂಕಾಗಿ ಕಾಣುತ್ತದೆ. ವಾಹನ ಓಡಿಸುವವರು ತಮ್ಮದು ಯಾವ ಬಗೆ ಎಂದು ತಿಳಿದಿರಲೇಬೇಕು.

ನನ್ನ ಸೋದರಮಾವನಿಗೂ ಹೀಗೆಯೇ. ಕೊಪ್ಪದ ಕಡೆಯ ತೋಟದಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ಅಜ್ಜ ಅವರನ್ನು ಗಿಡದ ಹತ್ತಿರ ಬಿಡುತ್ತಿರಲಿಲ್ಲವಂತೆ. ಹಣ್ಣೂ ಕಾಯಿಯೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಮೈಗಳ್ಳ ಎಂಬ ಹೆಸರು ಹೊತ್ತುಕೊಂಡೇ ಅವರು ಬೆಳೆದರು. ಕೆಂಪು-ಹಸಿರಿನ ವಂಶವಾಹಿಗಳು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಇರುವುದು ತಾಯಿಯಿಂದ ಬಂದ ಒಂದೇ ಎಕ್ಸ್, ಅದರಲ್ಲಿ ದೋಷವಿದ್ದರೆ ತುಂಬಿಕೊಡಲು ಇನ್ನೊಂದಿಲ್ಲ. ಐರೋಪ್ಯ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ, ಹೆಂಗಸರಲ್ಲಿ ಶೇ 0.5ರಷ್ಟು ಮಂದಿಗೆ ಇದು ಇರುವುದು ಈ ಕಾರಣಕ್ಕೇ. ನನ್ನ ಮಗ ನನ್ನ ಎಕ್ಸ್ ಪಡೆಯುವುದಿಲ್ಲವಾದ್ದರಿಂದ ನನ್ನಿಂದ ಅವನಿಗೆ ಬರುವುದಿಲ್ಲ. ಮಗಳು ವಾಹಕಿ. ಅವಳ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಇನ್ನೂ ಇದೆಯಲ್ಲ. ಮಾವನಿಗೆ ಬಣ್ಣಗುರುಡಿದ್ದು ಸೊಸೆ ವಾಹಕಿಯಾಗಿದ್ದರೆ, ಅವರಿಗೆ ಹುಟ್ಟುವ ಹೆಣ್ಣುಮಗುವಿಗೂ ಬರುವ ಸಾಧ್ಯತೆ ಅಷ್ಟೇ ಇರುತ್ತದೆ. ಹೆಣ್ಣುಮಕ್ಕಳಿಗೆ ಇದು ಬರುವುದೇ ಇಲ್ಲ ಎಂದು ಪರೀಕ್ಷಿಸದೆ ಬಿಡಬೇಡಿ.

ಕಳೆದ ವರ್ಷ ನನಗೆ ವರ್ಗವಾಯಿತು. ಹೊಸ ಶಾಲೆಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ‘ರೀ, ಈಗ ನಿಯಮ ಬದಲಾಗಿದೆಯಂತೆ, ಒಂದು ಸಲ ಕೇಳಿ ನೋಡಿ’ ಎಂದು ಹೆಂಡತಿ ಹೇಳಿದಳು. ಕೇಳಲು ಹೋದೆ.

ನಲವತ್ತು ದಾಟಿದವರು ಕಲಿಕಾ ಲೈಸೆನ್ಸಿಗೆ, ಅಂದರೆ ಎಲ್‌ಎಲ್‌ಆರ್‌ಗೆ, ಅರ್ಜಿ ಹಾಕುವಾಗಲೇ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಚಿಕ್ಕವರಿಗೆ ಸ್ವಯಂ ಘೋಷಣೆ ಸಾಕು. ಡ್ರೈವಿಂಗ್ ಶಾಲೆಯವರು ತಮಗೆ ಪರಿಚಯದ ವೈದ್ಯರ ಬಳಿಗೆ ಕಳುಹಿಸಿದರು. ₹300 ಶುಲ್ಕ. ನನಗೆ ಕೆಂಪು-ಹಸಿರಿನ ತೊಂದರೆ ಇದೆ ಎಂದು ನಾನೇ ಮೊದಲು ತಿಳಿಸಿದೆ. ಅವರು ಮೇಜಿನ ಖಾನೆಯಿಂದ ಇಶಿಹಾರ ಪುಸ್ತಕ ತೆಗೆದರು. ಪುಟಗಳು ಬಿಸಿಲಿಗೆ ಮಾಸಿದ್ದವು, ತಲೆಯ ಮೇಲೆ ಹಳದಿ ಬಲ್ಬು. ಆ ಪರೀಕ್ಷೆಯನ್ನು ಹಗಲು ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಲ್ಲಿ ಪುಟ ಹಿಡಿದು ಮಾಡಬೇಕು. ಹಳದಿ ಬೆಳಕು ಬಿದ್ದರೆ ಫಲಿತಾಂಶವೇ ವ್ಯತ್ಯಾಸವಾಗುತ್ತದೆ. ಅದನ್ನು ಹೇಳುವ ಧೈರ್ಯ ಅಂದು ಬರಲಿಲ್ಲ. ಅವರ ಬಳಿ ಇದ್ದ ಫಾರಂ ತಿದ್ದುಪಡಿಗೆ ಮೊದಲಿನ ಮುದ್ರಣ, ನೆರಳಚ್ಚಿನ ನೆರಳಚ್ಚು. ಅದರಲ್ಲಿದ್ದದ್ದು ಅದೇ ಹಳೆಯ ಪ್ರಶ್ನೆ. ‘ಇದರಲ್ಲಿ ಹೌದು ಎಂದು ನಾನು ಹೇಗೆ ಬರೆಯಲಿ ಮೇಷ್ಟ್ರೇ? ನೀವೇ ಹೇಳಿ’ ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಹೊರಬರುವಾಗ ಇಪ್ಪತ್ತೆರಡರ ಪ್ರಾಯದ ಆ ದಿನವೇ ಮರಳಿ ಬಂದಂತಾಯಿತು. ಮನೆಗೆ ಬಂದು ಅಮ್ಮನೊಂದಿಗೆ ಮಾತನಾಡಲೂ ಮನಸ್ಸಾಗಲಿಲ್ಲ.

ಆ ರಾತ್ರಿ ಕುಳಿತು ಹುಡುಕಿದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2020ರ ಜೂನ್ 24ರಂದು ಒಂದು ಅಧಿಸೂಚನೆ ಹೊರಡಿಸಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಫಾರಂ 1 ಮತ್ತು ಫಾರಂ 1ಎಗಳನ್ನು ತಿದ್ದಿದೆ. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರು ಲೈಸೆನ್ಸ್ ಪಡೆಯಬಹುದು. ನಿರ್ಬಂಧ ತೀವ್ರ ಪ್ರಮಾಣದ್ದಕ್ಕೆ ಮಾತ್ರ. ಓದಿ ನೆಮ್ಮದಿಯಾಯಿತು, ಜೊತೆಗೆ ಹೊಸ ಚಿಂತೆಯೂ ಹುಟ್ಟಿತು. ನನ್ನದು ಯಾವ ಪ್ರಮಾಣದ್ದು? ಇಲ್ಲಿಯವರೆಗೆ ಯಾರೂ ಅಳೆದೇ ಇರಲಿಲ್ಲ.

ಈ ಬರಹದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಶಿಹಾರ ಪುಸ್ತಕ ಜರಡಿಯಂತೆ. ಟೋಕಿಯೋದ ನೇತ್ರತಜ್ಞ ಶಿನೊಬು ಇಶಿಹಾರ 1917ರಲ್ಲಿ ಅದನ್ನು ಪ್ರಕಟಿಸಿದ್ದು ಕೊರತೆ ಇದೆಯೇ ಇಲ್ಲವೇ ಎಂದು ಬೇರ್ಪಡಿಸಲು. ಅಲ್ಪ ಕೊರತೆ ಇದ್ದವನೂ ಅದರ ಬಹುಪಾಲು ಪುಟಗಳಲ್ಲಿ ಸೋಲಬಹುದು, ತೀವ್ರ ಕೊರತೆ ಇದ್ದವನೂ ಸೋಲುತ್ತಾನೆ. ಎಷ್ಟಿದೆ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಕು. ಫಾರ್ನ್ಸ್‌ವರ್ತ್ ಡಿ-15, ಪುಟ್ಟ ಬಣ್ಣದ ದೀಪಗಳನ್ನು ತೋರಿಸಿ ಹೆಸರು ಹೇಳಿಸುವ ಲ್ಯಾಂಟರ್ನ್ ಪರೀಕ್ಷೆ, ಕೆಂಪು-ಹಸಿರು ಬೆಳಕು ಬೆರೆಸಿ ಹಳದಿಗೆ ಹೊಂದಿಸುವ ಉಪಕರಣವಾದ ಅನಾಮಲೋಸ್ಕೋಪ್ ಇವು ಅಂಥವು. ಕೊನೆಯದು ನಿಖರ, ಆದರೆ ಅಪರೂಪ. ಡಿ-15 ಹಲವು ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗದಲ್ಲಿ, ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇರುತ್ತದೆ. ಹೋಗುವ ಮೊದಲು ದೂರವಾಣಿ ಮಾಡಿ ‘ಡಿ-15 ಇದೆಯೇ’ ಎಂದು ಹೆಸರು ಹಿಡಿದೇ ಕೇಳಿ. ಬಣ್ಣದ ಪರೀಕ್ಷೆ ಇದೆಯೇ ಎಂದು ಕೇಳಿದರೆ ಇದೆ ಎನ್ನುತ್ತಾರೆ, ಹೋದಾಗ ಮತ್ತದೇ ಪುಸ್ತಕ ತೆರೆಯುತ್ತಾರೆ.

ನಾನು ಹೋದದ್ದು ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಬೆಳಿಗ್ಗೆ ಚೀಟಿ ಮಾಡಿಸಿ ಕುಳಿತವನಿಗೆ ಕರೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಸುತ್ತ ಕಣ್ಣಿಗೆ ಹಸಿರು ಬಟ್ಟೆಯೋ ಇನ್ನೇನೋ ಬಣ್ಣದ ಬಟ್ಟೆಯೋ ಕಟ್ಟಿಕೊಂಡ ಪೊರೆ ಶಸ್ತ್ರಚಿಕಿತ್ಸೆಯ ಅಜ್ಜ ಅಜ್ಜಿಯರು. ಅವರ ನಡುವೆ ಲೈಸೆನ್ಸಿಗಾಗಿ ಬಂದ ನನ್ನನ್ನು ತುರ್ತಿಲ್ಲದವನೆಂದು ಹಿಂದೆ ಹಿಂದೆ ಸರಿಸಿದರು, ಅದು ನ್ಯಾಯವೇ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಡಿ-15 ಪೆಟ್ಟಿಗೆ ತಂದರು. ಉದ್ದನೆಯ ಮರದ ತಟ್ಟೆ, ಒಂದು ತುದಿಯಲ್ಲಿ ಅಲುಗದಂತೆ ಕೂರಿಸಿದ ನೀಲಿ ಬಿಲ್ಲೆ, ಬಿಡಿಬಿಡಿಯಾದ ಇನ್ನೂ ಹದಿನೈದು ಬಿಲ್ಲೆಗಳು. ನೀಲಿಗೆ ಅತಿ ಹತ್ತಿರದ ಬಣ್ಣವನ್ನು ಅದರ ಪಕ್ಕ ಇಡಬೇಕು, ಅದಕ್ಕೆ ಹತ್ತಿರದ್ದನ್ನು ಅದರ ಪಕ್ಕ. ಹೀಗೆ ಕೊನೆಯವರೆಗೆ. ಒಂದೊಂದೇ ಕಣ್ಣು ಮುಚ್ಚಿ ಮಾಡಿಸಿದರು. ಕಿಟಕಿಯ ಬೆಳಕಿನಲ್ಲಿ ಕೂರಿಸಿದ್ದು ನೋಡಿ ನನಗೆ ಆಗಲೇ ಧೈರ್ಯ ಬಂದಿತ್ತು. ಆದರೂ ನಡುವಿನ ಕೆಲವು ಬಿಲ್ಲೆಗಳನ್ನು ಹಿಡಿದು ಬಹಳ ಹೊತ್ತು ಯೋಚಿಸಿದೆ. ಬೆವರು ಬಿಲ್ಲೆಗೆ ತಗುಲಬಾರದೆಂದು ಕೈಗವಸು ಕೊಟ್ಟಿದ್ದರು, ಅದರೊಳಗೆ ಬೆರಳುಗಳು ಒದ್ದೆಯಾಗಿದ್ದವು.

ಜೋಡಿಸಿದ ಮೇಲೆ ತಟ್ಟೆ ಮಗುಚಿ ಬಿಲ್ಲೆಗಳ ಅಡಿಯ ಅಂಕಿಗಳನ್ನು ಓದಿ, ಚಕ್ರಾಕಾರದ ನಕ್ಷೆಯೊಂದರಲ್ಲಿ ಆ ಕ್ರಮದಲ್ಲೇ ಗೆರೆ ಎಳೆಯುತ್ತಾರೆ. ಸರಿಯಾಗಿ ಜೋಡಿಸಿದ್ದರೆ ಗೆರೆ ಅಂಚಿನಲ್ಲೇ ಸುತ್ತು ಬರುತ್ತದೆ. ತೀವ್ರ ಕೊರತೆ ಇದ್ದವರ ಗೆರೆ ಚಕ್ರವನ್ನು ಅಡ್ಡಡ್ಡ ಹಾಯುತ್ತದೆ, ಅಡ್ಡಗೆರೆಗಳ ದಿಕ್ಕಿನಿಂದ ಕೊರತೆ ಕೆಂಪಿನದೋ ಹಸಿರಿನದೋ ಎಂದು ತಿಳಿಯುತ್ತದೆ. ನನ್ನ ಗೆರೆ ಅಂಚಿನಲ್ಲೇ ಸಾಗಿ, ಒಂದೆಡೆ ಮಾತ್ರ ಅಡ್ಡ ಹಾದಿತ್ತು. ಮೇಲಿನ ವೈದ್ಯರು ಬಂದು ನೋಡಿ, ಲ್ಯಾಂಟರ್ನ್ ಪರೀಕ್ಷೆಯನ್ನೂ ಮಾಡಿಸಿ, ‘ತೀವ್ರವಲ್ಲ, ಹುಟ್ಟಿನಿಂದ ಬಂದದ್ದು, ಎರಡೂ ಕಣ್ಣಲ್ಲಿ ಒಂದೇ ಸಮ’ ಎಂದರು. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಕೇಳಬೇಕೆಂದಿದ್ದ ಮಾತು ಅದು. ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು ಆಮೇಲೆ ಹೆಂಡತಿಗೆ ಕರೆ ಮಾಡಿದೆ.

ಎರಡೂ ಕಣ್ಣಲ್ಲಿ ಸಮ ಎಂಬುದಕ್ಕೆ ಮಹತ್ವವಿದೆ. ಹುಟ್ಟಿನಿಂದ ಬಂದದ್ದು ಎರಡೂ ಕಣ್ಣಿನಲ್ಲಿ ಒಂದೇ ಬಗೆಯಾಗಿರುತ್ತದೆ, ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮೊದಲು ಸರಿಯಾಗಿ ಕಾಣುತ್ತಿದ್ದ ಬಣ್ಣಗಳು ಈಗ ಮಸುಕಾಗಿದ್ದರೆ, ಅದೂ ಒಂದು ಕಣ್ಣಿನಲ್ಲಿ ಹೆಚ್ಚಾಗಿದ್ದರೆ, ಅದು ಬೇರೆಯೇ ಕಾಯಿಲೆ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಮಾತ್ರೆಯಿಂದ ದೃಷ್ಟಿನರಕ್ಕೆ ತೊಂದರೆಯಾದಾಗ ಕೆಂಪು-ಹಸಿರಿನ ವ್ಯತ್ಯಾಸ ಅಳಿಸತೊಡಗುತ್ತದೆ. ಅಂಥವರು ಲೈಸೆನ್ಸ್ ಚಿಂತೆ ಬಿಟ್ಟು ಅಂದೇ ವೈದ್ಯರ ಬಳಿ ಹೋಗಬೇಕು.

ವರದಿಯಲ್ಲಿ ಮಾಡಿದ ಪರೀಕ್ಷೆಗಳ ಹೆಸರು, ಕೊರತೆಯ ಬಗೆ ಮತ್ತು ಪ್ರಮಾಣವನ್ನು ಬರೆಸಿಕೊಳ್ಳಿ. ಬರಿಯ ‘ಬಣ್ಣ ದೃಷ್ಟಿ ದೋಷವಿದೆ’ ಎಂಬ ಸಾಲು ನಿಮ್ಮನ್ನು ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸುತ್ತದೆ. ಫಾರಂ 1ಎಯನ್ನು ಲೈಸೆನ್ಸ್ ಅರ್ಜಿಗಳ ಸರ್ಕಾರಿ ಜಾಲತಾಣವಾದ ಸಾರಥಿಯಿಂದ ಆಗಷ್ಟೇ ಇಳಿಸಿಕೊಂಡ ಪ್ರತಿಯಲ್ಲೇ ತುಂಬಿಸಿ. ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮೂರೂ ಇವೆಯೇ ನೋಡಿ. ನಾನು ವರದಿ ಮತ್ತು ಅಧಿಸೂಚನೆಯ ಪ್ರತಿಯನ್ನು ಹಿಡಿದು ಮೊದಲಿನ ವೈದ್ಯರ ಬಳಿಗೇ ಮರಳಿ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಫಾರಂ ತುಂಬಿಕೊಟ್ಟರು, ಈ ಸಲ ಶುಲ್ಕ ತೆಗೆದುಕೊಳ್ಳಲಿಲ್ಲ. ಅಧಿಸೂಚನೆಯ ಪ್ರತಿಯನ್ನು ತಮಗಾಗಿ ಇಟ್ಟುಕೊಂಡರು. ಅವರ ಮೇಲೆ ನನಗಿದ್ದ ಬೇಸರ ಅಲ್ಲಿಗೆ ಕರಗಿತು.

ಉಳಿದದ್ದು ಎಲ್ಲರಿಗೂ ಇರುವ ದಾರಿಯೇ. ಒಂದು ವರ್ಗದ ವಾಹನಕ್ಕೆ ಎಲ್‌ಎಲ್‌ಆರ್ ಶುಲ್ಕ ₹150, ಅದರ ಪರೀಕ್ಷೆಗೆ ₹50. ಮುಂದೆ ಚಾಲನಾ ಪರೀಕ್ಷೆಗೆ ₹300, ಲೈಸೆನ್ಸಿಗೆ ₹200. ಎಲ್‌ಎಲ್‌ಆರ್ ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ, ಅದರ ಆರು ತಿಂಗಳ ಅವಧಿಯೊಳಗೆ ಚಾಲನಾ ಪರೀಕ್ಷೆ. ಬಣ್ಣದ ವಿಷಯವನ್ನು ‘ನೋಡಿಕೊಳ್ಳಲು’ ಏಜೆಂಟರೊಬ್ಬರು ಸಾವಿರಗಳಲ್ಲಿ ಕೇಳಿದ್ದರು. ನೋಡಿಕೊಳ್ಳಲು ಅಲ್ಲೇನೂ ಇಲ್ಲ. ಆರ್‌ಟಿಒ ಕಚೇರಿಯಲ್ಲಿ ಫಾರಂ ಪರಿಶೀಲಿಸಿದವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಲಿಕಾ ಪರೀಕ್ಷೆಯ ರಸ್ತೆ ಚಿಹ್ನೆಗಳಿಗೆ ಬಣ್ಣ ಬೇಕಿಲ್ಲ, ಆಕಾರ ಸಾಕು. ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ, ಎಂಟು ಮೂಲೆ ಎಂದರೆ ನಿಲ್ಲು.

ಕಾರು ಕಲಿಸಿದ ಹುಡುಗನಿಗೆ ಮೊದಲ ದಿನವೇ ವಿಷಯ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು, ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಬಾಯಿಂದಲೇ ಬಣ್ಣ ಹೇಳಿಸಿದ. ಸಿಗ್ನಲ್ ಕಂಬದಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಹಸಿರು ದೀಪಕ್ಕೆ ಬೇಕೆಂದೇ ತುಸು ನೀಲಿಯ ಛಾಯೆ ಕೊಟ್ಟಿರುತ್ತಾರೆ, ಹಾಗಾಗಿ ನನಗೆ ಅದು ಬೆಳ್ಳಗೆ ಕಾಣುತ್ತದೆ, ಕೆಂಪಿನೊಂದಿಗೆ ಬೆರೆಯುವುದಿಲ್ಲ. ಗೊಂದಲವಾಗುವುದು ಕೆಂಪು ಮತ್ತು ಹಳದಿ ದೀಪಗಳ ನಡುವೆ, ಅದರಲ್ಲೂ ರಾತ್ರಿ ಹಿನ್ನೆಲೆಯಲ್ಲಿ ಹಳದಿ ಬೀದಿದೀಪಗಳಿದ್ದಾಗ. ಮುಂದಿನ ವಾಹನದ ಬ್ರೇಕ್ ದೀಪವನ್ನು ಬಣ್ಣದಿಂದಲ್ಲ, ಹೊಳಪು ಏರಿದ್ದರಿಂದ ಗುರುತಿಸಲು ಕಲಿತೆ, ಅಂತರವನ್ನೂ ಹೆಚ್ಚು ಇಡುತ್ತೇನೆ. ಚಾಲನಾ ಪರೀಕ್ಷೆ ರಿವರ್ಸ್ ತಿರುವಿನಲ್ಲಿ ಸ್ವಲ್ಪ ತಡವರಿಸಿದರೂ ಪಾಸಾಯಿತು.

ಈ ಓಡಾಟದ ನಡುವೆ ಕಣ್ಣಿಗೆ ಕನ್ನಡಕ ಮಾರಲು ಬಂದವರೂ ಇದ್ದರು. ಹಾಕಿಕೊಂಡರೆ ಬಣ್ಣಗಳೆಲ್ಲ ಕಾಣುತ್ತವೆ ಎಂಬ ದೃಶ್ಯಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಆ ಗಾಜು ಕೆಲವು ತರಂಗಾಂತರಗಳನ್ನು ತಡೆದು ಕೆಲವು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಹೆಚ್ಚಿಸುತ್ತದೆ, ಇನ್ನು ಕೆಲವನ್ನು ಕೆಡಿಸುತ್ತದೆ. ಇಲ್ಲದ ಶಂಕುವನ್ನು ಹುಟ್ಟಿಸುವುದಿಲ್ಲ. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು 2018ರಲ್ಲಿ ಪರೀಕ್ಷಿಸಿ ಇದನ್ನೇ ಹೇಳಿದ್ದಾರೆ. ಹುಟ್ಟಿನಿಂದ ಬಂದ ಬಣ್ಣಗುರುಡಿಗೆ ಔಷಧ, ಎಣ್ಣೆ, ವ್ಯಾಯಾಮ ಯಾವುದೂ ಇಲ್ಲ. ಆ ಹಣವನ್ನು ಉಳಿಸಿಕೊಳ್ಳಿ.

ಔಷಧವಿಲ್ಲದಿದ್ದರೂ ದಿನ ಸಾಗಿಸಲು ದಾರಿಗಳಿವೆ. ಹಲಗೆಯ ಮೇಲೆ ನಾನು ಬಿಳಿ ಮತ್ತು ಹಳದಿ ಸೀಮೆಸುಣ್ಣ ಮಾತ್ರ ಬಳಸುತ್ತೇನೆ. ಪಿಎಚ್ ಕಾಗದದ ಬಣ್ಣವನ್ನು ಮಕ್ಕಳೇ ಓದಿ ಹೇಳುತ್ತಾರೆ. ಪ್ರತಿ ವರ್ಷ ಎಂಟನೆಯ ತರಗತಿಯಲ್ಲಿ ನನ್ನ ಕಣ್ಣಿನ ವಿಷಯ ಹೇಳಿದಾಗ ಯಾವುದೋ ಹುಡುಗ ‘ಸಾರ್, ನನಗೂ ಹಾಗೇ’ ಎನ್ನುವುದುಂಟು. ಆಹಾರ ಪೊಟ್ಟಣದ ಮೇಲಿನ ಹಸಿರು ಚುಕ್ಕಿ, ಕಂದು ಚುಕ್ಕಿ ನಮ್ಮ ಸಸ್ಯಾಹಾರಿ ಮನೆಯಲ್ಲಿ ನನಗೆ ದೊಡ್ಡ ಸಂಕಟವಾಗಿತ್ತು. 2020ರ ನಿಯಮಾವಳಿಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮಾಂಸಾಹಾರದ ಗುರುತನ್ನು ತ್ರಿಕೋನವಾಗಿಸಿತು. ಬಣ್ಣದ ಜೊತೆ ಆಕಾರವನ್ನೂ ಬದಲಿಸಿದ ಈ ಚಿಕ್ಕ ಕೆಲಸಕ್ಕೆ ನಾನು ಮನಸಾರೆ ಋಣಿ. ಹಳೆಯ ಮನೆಯ ವೈರಿಂಗ್ ಮಾತ್ರ ಮುಟ್ಟಬೇಡಿ. ಕೆಂಪು ತಂತಿ, ಹಸಿರು ತಂತಿಗಳಲ್ಲಿ ಒಂದು ವಿದ್ಯುತ್ತಿನದು, ಇನ್ನೊಂದು ಭೂಮಿಯದು.

ಮಕ್ಕಳಿರುವವರಿಗೆ ಒಂದು ಕೋರಿಕೆ. ಎಸ್‌ಎಸ್‌ಎಲ್‌ಸಿಗೆ ಮೊದಲೇ ಪರೀಕ್ಷೆ ಮಾಡಿಸಿ. ರೈಲು ಓಡಿಸುವಂಥ ಕೆಲವು ಹುದ್ದೆಗಳ ಬಾಗಿಲು ನಿಜವಾಗಿಯೂ ಮುಚ್ಚಿದೆ, ಅದನ್ನು ಇಪ್ಪತ್ತೆರಡರಲ್ಲಿ ತಿಳಿಯುವುದಕ್ಕಿಂತ ಹದಿನಾಲ್ಕರಲ್ಲಿ ತಿಳಿಯುವುದು ಒಳ್ಳೆಯದು. ರೈಲ್ವೆಯಲ್ಲೇ ಸಿ1, ಸಿ2 ದರ್ಜೆಯ ಹುದ್ದೆಗಳಿಗೆ ಬಣ್ಣದ ಪರೀಕ್ಷೆ ಇಲ್ಲ. ಕೆಲವು ಬಾಗಿಲುಗಳು ಈಚೆಗೆ ತೆರೆದಿವೆ. ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಸಂಕಲನ ಕೋರ್ಸಿಗೆ ಆಯ್ಕೆಯಾಗಿ ಬಣ್ಣಗುರುಡಿನ ಕಾರಣಕ್ಕೆ ಪ್ರವೇಶ ಸಿಗದ ಅಭ್ಯರ್ಥಿಯ ಪ್ರಕರಣದಲ್ಲಿ, ಇಂಥವರನ್ನು ಹೊರಗಿಡಬಾರದು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಬಣ್ಣಗುರುಡು ಸೇರಿಲ್ಲ, ಹಾಗಾಗಿ ಆ ಪ್ರಮಾಣಪತ್ರಕ್ಕಾಗಿ ಅಲೆಯುವುದು ವ್ಯರ್ಥ.

ನನ್ನ ಲೈಸೆನ್ಸಿನ ಅವಧಿ ಹತ್ತು ವರ್ಷ. ನವೀಕರಣಕ್ಕೆ ಮತ್ತೆ ಫಾರಂ 1ಎ ಬೇಕಾಗುತ್ತದೆ, ಆಗ ಹೊಸ ವೈದ್ಯರಿಗೆ ಮತ್ತೆ ಎಲ್ಲವನ್ನೂ ವಿವರಿಸಬೇಕಾಗಬಹುದು. ಡಿ-15 ನಕ್ಷೆಯ ಪ್ರತಿಗಳನ್ನು ಈಗಲೇ ಮಾಡಿಸಿ ಇಟ್ಟಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನನಗಿನ್ನೂ ಎಚ್ಚರ ಬೇಕು. ರಾತ್ರಿ ಹೊತ್ತು ಕೆಲವು ವೃತ್ತಗಳಲ್ಲಿ ಒಂದೇ ದೀಪ ಮಿನುಗುತ್ತಿರುತ್ತದೆ. ಹಳದಿ ಮಿನುಗಿದರೆ ನಿಧಾನಿಸಿ ಸಾಗಬೇಕು, ಕೆಂಪು ಮಿನುಗಿದರೆ ನಿಂತು ನೋಡಿ ಹೊರಡಬೇಕು. ಒಂಟಿ ದೀಪಕ್ಕೆ ಮೇಲೆ ಕೆಳಗೆ ಇಲ್ಲವಾದ್ದರಿಂದ ಎರಡಕ್ಕೂ ನಾನು ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಮಾಡುತ್ತಾರೆ, ಮಾಡಲಿ.